ಮಾಲ್ಡೀವ್ಸ್ ಥರದ ಪುಟ್ಟ ದ್ವೀಪ ದೇಶದಲ್ಲಿ ಹೆಲ್ತ್ ರಿಸರ್ಚ್ ಮಾಡಿದ್ರೆ ಬೆಲೆ ಇರುತ್ತಾ? ಜನಾನೇ ಇಲ್ಲ, ಸ್ಯಾಂಪಲ್ ಸಾಲಲ್ಲ ಅಂತಾರೆ. ಎರಡು ವರ್ಷ ದುಡಿದು ಡೇಟಾ ತಗೊಂಡು ವಾಪಸ್ ಬಂದು ಇಲ್ಲೇ ಪಿಎಚ್‌ಡಿ ಮಾಡ್ಲಾ?

ನಿಮ್ಮ ಪ್ರಶ್ನೆ ಓದಿ ಒಂದ್ ನಿಮಿಷ ಸುಮ್ನೆ ಕೂತ್ಬಿಟ್ಟೆ, ಯಾಕಂದ್ರೆ 2014ರಲ್ಲಿ ನಾನು ಕೇಳ್ತಿದ್ದಿದ್ದೂ ಇದನ್ನೇ. ದಾವಣಗೆರೆ ಕಡೆಯವಳು ನಾನು, ಎಂಬಿಬಿಎಸ್ ಆಯ್ತು, ಪಿಜಿ ಸೀಟ್ ಸಿಗ್ಲಿಲ್ಲ, ಮಾಲ್ಡೀವ್ಸ್‌ನ ಒಂದು ದ್ವೀಪದ ಹೆಲ್ತ್ ಸೆಂಟರ್‌ನಲ್ಲಿ ಕೆಲಸ ಇದೆ ಅಂತ ಗೊತ್ತಾಯ್ತು, ಹೋದೆ. ಆ ದ್ವೀಪದಲ್ಲಿ ಇದ್ದಿದ್ದು ಸುಮಾರು 600 ಜನ. ಈ ತುದಿಯಿಂದ ಆ ತುದಿಗೆ ನಡೆದ್ರೆ ಹದಿನೈದು ನಿಮಿಷ. ದೋಣಿಗೆ ಅವರೂ ದೋಣಿ ಅಂತಾನೇ ಅಂತಾರೆ, ಅದು ಕೇಳಿ ಮೊದಲನೇ ದಿನ ಎಷ್ಟು ಸಮಾಧಾನ ಆಗಿತ್ತು ಅಂದ್ರೆ ಹೇಳಕ್ಕಾಗಲ್ಲ.

ಕೆಲಸದ ಜೊತೆಗೇ ಎಂಪಿಎಚ್, ಅಂದ್ರೆ ಪಬ್ಲಿಕ್ ಹೆಲ್ತ್‌ನಲ್ಲಿ ಮಾಸ್ಟರ್ಸ್, ತಗೊಂಡಿದ್ದೆ, ಅದಕ್ಕೊಂದು ಡಿಸರ್ಟೇಶನ್ ಬೇಕಿತ್ತು. ಓಪಿಡಿಗೆ ಬರೋ ಹೆಂಗಸರು ತಲೆನೋವು, ಬೆನ್ನುನೋವು, ನಿದ್ದೆ ಇಲ್ಲ ಅಂತ ಬರೋರು, ಬಿಪಿ ನೋಡಿದ್ರೆ ಸರಿ ಇರೋದು, ರಕ್ತ ಸರಿ ಇರೋದು. ಹಾಗಾಗಿ ಡಿಪ್ರೆಶನ್ ಸರ್ವೆ ಮಾಡೋಣ ಅಂತ ಪಿಎಚ್‌ಕ್ಯು-9 ಅನ್ನೋ ಪ್ರಶ್ನಾವಳಿ ತಗೊಂಡೆ, ಒಂಬತ್ತು ಪ್ರಶ್ನೆ, ಒಟ್ಟು 27 ಮಾರ್ಕು, 10 ಅಥವಾ ಅದರ ಮೇಲೆ ಬಂದ್ರೆ ಗಮನ ಕೊಡಬೇಕು. ನನ್ನ ಗೈಡ್ ಇಲ್ಲಿಂದ ಫೋನಲ್ಲಿ 384 ಸ್ಯಾಂಪಲ್ ಬೇಕೇ ಬೇಕು ಅಂದ್ರು. ಇಡೀ ದ್ವೀಪದಲ್ಲಿ ದೊಡ್ಡ ಹೆಂಗಸರು ಇದ್ದಿದ್ದೇ ಸುಮಾರು 190! 384 ಅನ್ನೋದು ಲಕ್ಷಾಂತರ ಜನ ಇರೋ ಕಡೆ ಹಾಕೋ ಲೆಕ್ಕ, ಜನಸಂಖ್ಯೆ ಚಿಕ್ಕದಾದ್ರೆ ಅದಕ್ಕೊಂದು ತಿದ್ದುಪಡಿ ಸೂತ್ರ ಇದೆ, 190 ಜನರಲ್ಲಾದ್ರೆ 128 ಸಾಕು. ಇದು ಯಾವ ಬಯೋಸ್ಟಾಟ್ಸ್ ಪುಸ್ತಕದಲ್ಲೂ ಇರತ್ತೆ. ಹಾಗಾಗಿ ನಿಮಗೆ "ಸ್ಯಾಂಪಲ್ ಸಾಲಲ್ಲ" ಅಂದವರ ಮಾತು ಅಲ್ಲಿಗೇ ಬಿಡಿ. ಅಷ್ಟು ಚಿಕ್ಕ ಜಾಗದಲ್ಲಿ ಸ್ಯಾಂಪಲ್ ಯಾಕೆ, ಎಲ್ಲರನ್ನೂ ಕೇಳ್ಬಹುದು. ನಾನು 170 ಜನರನ್ನ ಕೇಳಿದೆ.

ಹೇಗೆ ಕೇಳಿದೆ ಅಂದ್ರೆ, ಅಲ್ಲಿ ಮನೆ ಮುಂದೆ, ಮರದ ಕೆಳಗೆ ಹಗ್ಗ ಹೆಣೆದ ಸೀಟುಗಳಿರ್ತವೆ, ಮೂರ್ನಾಲ್ಕು ಜನ ಒಟ್ಟಿಗೆ ಕೂರೋ ಥರದ್ದು, ಅದಕ್ಕೆ ಜೋಲಿ ಅಂತಾರೆ. ನಮ್ಮ ಮಗು ಮಲಗಿಸೋ ಜೋಲಿನೇ ನೆನಪಾಗೋದು. ನಾನು, ನಮ್ಮ ಸೆಂಟರ್‌ನ ಹೆಲ್ತ್ ವರ್ಕರ್ ಹುಡುಗಿ, ಸಂಜೆ ಒಂದೊಂದು ಜೋಲಿಯಲ್ಲಿ ಕೂತು, ಉಳಿದವರನ್ನ ಆಚೆ ಕಳಿಸಿ, ಅಲ್ಲಿನ ಭಾಷೆ ದಿವೇಹಿಯಲ್ಲಿ ಒಂದೊಂದೇ ಪ್ರಶ್ನೆ ಕೇಳ್ತಿದ್ವಿ. ಎಷ್ಟು ಮನಸ್ಸು ಬಿಚ್ಚಿ ಮಾತಾಡಿದ್ರು ಅಂದ್ರೆ, ಕೆಲವರು ಅತ್ತರು, ಒಬ್ಬರು ಫಾರ್ಮ್ ಮುಗಿದ ಮೇಲೂ ಕತ್ತಲಾಗೋ ತನಕ ನನ್ನ ಕೈ ಹಿಡ್ಕೊಂಡೇ ಕೂತಿದ್ರು.

ಈಗ ತಪ್ಪಿನ ವಿಷಯಕ್ಕೆ ಬರ್ತೀನಿ. ಇದನ್ನ ಉದ್ದಕ್ಕೆ ಹೇಳ್ತೀನಿ, ಬೇಜಾರಾದ್ರೂ ಓದಿ.

ಪರ್ಮಿಶನ್ ಎಲ್ಲಾ ತಗೊಂಡಿದ್ದೆ, ಅಲ್ಲಿಂದಲೂ ಇಲ್ಲಿಂದಲೂ. ಹೆಸರು ತೆಗೆದು ಕೋಡ್ ನಂಬರ್ ಹಾಕಿದ್ದೆ, ಫಾರ್ಮ್‌ಗಳು ಬೀಗದಲ್ಲಿದ್ದವು. ಯಾರ ಗುಟ್ಟೂ ಆಚೆ ಹೋಗಲ್ಲ ಅಂತ ನಂಬಿದ್ದೆ. ರಿಸಲ್ಟ್ ಮೊದಲು ಜನಕ್ಕೇ ಹೇಳೋಣ ಅಂತ ಸ್ಕೂಲ್ ಹಾಲ್‌ನಲ್ಲಿ ಸಭೆ ಕರೆದೆ, ಪ್ರೊಜೆಕ್ಟರ್‌ನಲ್ಲಿ ಟೇಬಲ್ ಹಾಕಿದೆ. ವಿಚ್ಛೇದನ ಆದವರಲ್ಲಿ ತೊಂದರೆ ಜಾಸ್ತಿ ಅಂತ ತೋರಿಸೋ ಟೇಬಲ್ ಅದು. ವಿಚ್ಛೇದನ ಅಲ್ಲಿ ಸಾಮಾನ್ಯ, ಪ್ರಪಂಚದಲ್ಲೇ ತುಂಬಾ ಜಾಸ್ತಿ ಇರೋ ದೇಶಗಳಲ್ಲಿ ಅದೂ ಒಂದು, ಯಾರೂ ಮುಚ್ಚಿಡಲ್ಲ, ಆದ್ರೆ ಮನಸ್ಸಿನ ಕಾಯಿಲೆ ಮುಚ್ಚಿಡ್ತಾರೆ. ಟೇಬಲ್‌ನಲ್ಲಿ ವಿಚ್ಛೇದನ ಆದವರನ್ನ ಓದಿನ ಪ್ರಕಾರ ಬಿಡಿಸಿದ್ದೆ. ಪ್ರೈಮರಿವರೆಗೆ ಓದಿದವರು 8 ಜನ, ಅದರಲ್ಲಿ 3 ಜನಕ್ಕೆ ಸ್ಕೋರ್ 10 ಅಥವಾ ಅದರ ಮೇಲೆ. ಸೆಕೆಂಡರಿ 6ರಲ್ಲಿ 2. ಹೈಯರ್ ಸೆಕೆಂಡರಿ 5ರಲ್ಲಿ 2. ಡಿಗ್ರಿ 2ರಲ್ಲಿ 2.

ಹಾಲ್ ಸೈಲೆಂಟ್ ಆಯ್ತು. ಮೂರನೇ ಸಾಲಲ್ಲಿದ್ದ ಟೀಚರ್ ಒಬ್ಬರು ಎದ್ದು, ಚೇರ್ ಸರಿಯಾಗಿ ಒಳಗೆ ತಳ್ಳಿ, ಬಾಗಿಲ ಕಡೆ ನಡೆದ್ರು. ಯಾಕೆ ಹೋದ್ರು ಅಂತ ನಂಗೆ ಗೊತ್ತಾಗ್ಲಿಲ್ಲ, ಮುಂದಿನ ಸ್ಲೈಡ್‌ಗೆ ಹೋದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚುವಾಗ ಆ ಹೆಲ್ತ್ ವರ್ಕರ್ ಹುಡುಗಿ ಹಿಂದಿ ಇಂಗ್ಲಿಷ್ ಸೇರಿಸಿ ಹೇಳಿದ್ಲು: "ಡಾಕ್ಟರ್, ಈ ದ್ವೀಪದಲ್ಲಿ ಡಿಗ್ರಿ ಓದಿ ಡಿವೋರ್ಸ್ ಆದವರು ಇಬ್ಬರೇ. ಒಬ್ಬರು ಈಗ ಎದ್ದು ಹೋದವರು. ಇನ್ನೊಬ್ಬರು ನನ್ನ ದತ್ತಾ." ದತ್ತಾ ಅಂದ್ರೆ ಅಕ್ಕ.

ಎಲ್ಲಿ ತಪ್ಪಿದೆ ಅಂತ ಸರಿಯಾಗಿ ನೋಡಿ. ಹೆಸರು ತೆಗೆದಿದ್ದೆ, ಆದ್ರೆ ಅಲ್ಲಿ ಹೆಸರು ಬೇಕಾಗೇ ಇಲ್ಲ. ಓದು, ಮದುವೆ, ವಯಸ್ಸು, ಕೆಲಸ, ಇವುಗಳಲ್ಲಿ ಎರಡು ಸೇರಿದ್ರೆ ಸಾಕು, ಆ ಮನುಷ್ಯರು ಯಾರು ಅಂತ ಹತ್ತು ವರ್ಷದ ಮಗುಗೂ ಗೊತ್ತು. ಅದಕ್ಕಿಂತ ಮುಖ್ಯ, 2ರಲ್ಲಿ 1 ಅಂತ ಇದ್ದಿದ್ರೆ ಯಾರೋ ಒಬ್ಬರು ಅಂತ ಅನುಮಾನವಾದ್ರೂ ಉಳಿತಿತ್ತು, 2ಕ್ಕೆ 2 ಅಂದ್ರೆ ಇಬ್ಬರ ಗುಟ್ಟೂ ಬಯಲು. ಖಾನೆಯಲ್ಲಿ 20 ಜನ ಇದ್ದು 20ಕ್ಕೆ 20 ಅಂತ ಬಂದ್ರೂ ಅಷ್ಟೇ ಅನಾಹುತ. ಖಾನೆ ಚಿಕ್ಕದಿರೋದು ಒಂದು ಅಪಾಯ, "ಎಲ್ಲರೂ" ಅನ್ನೋ ಉತ್ತರ ಇನ್ನೊಂದು ಅಪಾಯ, ನನ್ನ ಟೇಬಲ್‌ನಲ್ಲಿ ಎರಡೂ ಒಂದೇ ಕಡೆ ಸೇರಿದ್ವು.

ಅಷ್ಟಕ್ಕೇ ಮುಗೀಲಿಲ್ಲ. ರಿಪೋರ್ಟ್ ಬರೆಯುವಾಗ ಆ ಸಾಲಿಗೆ ಸ್ಟಾರ್ ಹಾಕಿ ಮುಚ್ಚಿದೆ, ಸರಿ ಹೋಯ್ತು ಅಂದ್ಕೊಂಡೆ. ಆ ಹುಡುಗಿ ಪೆನ್ ತಗೊಂಡು ನನ್ನೆದುರೇ ಕಳೆದು ತೋರಿಸಿದ್ಲು. ಕೆಳಗೆ ಒಟ್ಟು 21 ಜನ ಅಂತಿದೆ, ಉಳಿದ ಮೂರು ಸಾಲು ಸೇರಿದ್ರೆ 19, ಸ್ಟಾರ್ ಅಂದ್ರೆ 2. ಒಟ್ಟು 9 ಜನಕ್ಕೆ ತೊಂದರೆ, ಉಳಿದವು ಸೇರಿ 7, ಸ್ಟಾರ್ ಅಂದ್ರೆ 2. ಒಂದು ಖಾನೆ ಮುಚ್ಚಿದ್ರೆ ಅದನ್ನ ಕಳೆದು ತೆಗೆಯಕ್ಕಾಗದ ಹಾಗೆ ಇನ್ನೊಂದನ್ನೂ ಮುಚ್ಚಬೇಕು, ಇಲ್ಲಾ ಸಾಲುಗಳನ್ನೇ ಸೇರಿಸಿಬಿಡಬೇಕು. ಇದನ್ನ ನಂಗೆ ಹೇಳ್ಕೊಟ್ಟಿದ್ದು ಕಾಲೇಜಲ್ಲ, ಅಕ್ಕನ ಮಾನ ಕಳೆದ ಡಾಕ್ಟರ್ ಮುಂದೆ ತಾಳ್ಮೆಯಿಂದ ಕೂತಿದ್ದ ಆ ಹುಡುಗಿ.

ಅದಾದ ಮೇಲೆ ಹೆಂಗಸರು ಓಪಿಡಿಗೆ ಬರೋದೇ ನಿಂತೋಯ್ತು. ಜ್ವರಕ್ಕೂ ಮಕ್ಕಳನ್ನ ಎತ್ಕೊಂಡು ಫೆರಿ ಹತ್ತಿ ಪಕ್ಕದ ದ್ವೀಪಕ್ಕೆ ಹೋಗೋರು. ಬೆಳಿಗ್ಗೆ ಜೆಟ್ಟಿಯಲ್ಲಿ ಅವರು ಕಾಯ್ತಾ ನಿಂತಿರೋದು ನಮ್ಮ ಸೆಂಟರ್ ಕಿಟಕಿಯಿಂದ ಕಾಣೋದು. ಯಾರಿಗೆ ಸಹಾಯ ಆಗ್ಲಿ ಅಂತ ಸರ್ವೆ ಮಾಡಿದ್ನೋ ಅವರೇ ಚಿಕಿತ್ಸೆಗೆ ನನ್ನ ಹತ್ರ ಬರ್ಲಿಲ್ಲ.

ಪುಟ್ಟ ದೇಶದಲ್ಲಿ ನಂಬಿಕೆ ಎಷ್ಟು ಬೇಗ ಹೋಗತ್ತೆ ಅನ್ನೋದಕ್ಕೆ ಪೆಸಿಫಿಕ್ ಸಾಗರದ ದ್ವೀಪ ದೇಶ ಸಮೋವಾ ನೋಡಿ. 2018ರ ಜುಲೈನಲ್ಲಿ ದಡಾರ ತಡೆಯೋ ಎಂಎಂಆರ್ ಲಸಿಕೆ ಪುಡಿಗೆ ನೀರಿನ ಬದಲು ಅನಸ್ತೇಶಿಯಾದ ಔಷಧಿ ಬೆರೆಸಿ ಎರಡು ಕೂಸು ತೀರ್ಕೊಂಡ್ವು. ಲಸಿಕೆ ತಪ್ಪಲ್ಲ, ಬೆರೆಸಿದ್ದು ತಪ್ಪು. ಆದ್ರೆ ಸುಮಾರು 2 ಲಕ್ಷ ಜನರ ದೇಶ ಅದು, ಸುದ್ದಿ ಮನೆಮನೆಗೂ ಹೋಯ್ತು, ಲಸಿಕೆ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತೋಯ್ತು, ದಡಾರ ಲಸಿಕೆ ಆ ವರ್ಷ ನೂರಕ್ಕೆ 31 ಮಕ್ಕಳಿಗೆ ಮಾತ್ರ ಸಿಕ್ಕಿತ್ತು ಅಂತ ಡಬ್ಲ್ಯುಎಚ್‌ಓ ಅಂದಾಜು. 2019ರ ಕೊನೆಗೆ ದಡಾರ ಬಂದು 83 ಜನ ಸತ್ರು, ಹೆಚ್ಚಿನವರು ಐದು ವರ್ಷದ ಒಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ಎರಡು ದಿನ ದೇಶಾನೇ ಬಂದ್ ಮಾಡಿ, ಲಸಿಕೆ ಆಗದೇ ಇರೋರು ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಹೇಳಿ ಮನೆಮನೆಗೆ ಹೋಗಿ ಚುಚ್ಚಬೇಕಾಯ್ತು.

ಇನ್ನು ಬೆಲೆ ಇರುತ್ತಾ ಅಂತ ಕೇಳಿದ್ರಲ್ಲ, ಆ ಪ್ರಶ್ನೆನೇ ನಾನು ಒಪ್ಪಲ್ಲ. ಫಿಜಿಯಲ್ಲಿ ಸಣ್ಣ ದ್ವೀಪಗಳ ಜನಕ್ಕೆ ಕಜ್ಜಿಗೆ ಐವರ್‌ಮೆಕ್ಟಿನ್ ಮಾತ್ರೆಯನ್ನ ಒಟ್ಟಿಗೇ ಕೊಟ್ಟು ನೋಡಿದ್ರು, ಒಂದು ವರ್ಷದಲ್ಲಿ ಕಜ್ಜಿ ನೂರಕ್ಕೆ 32ರಿಂದ 2ಕ್ಕೂ ಕೆಳಗೆ ಇಳೀತು, 2015ರಲ್ಲಿ ಪ್ರಪಂಚದ ದೊಡ್ಡ ಜರ್ನಲ್‌ನಲ್ಲಿ ಬಂತು, ಸೇರಿದ್ದವರು ಬರೀ 2,051 ಜನ. ದ್ವೀಪ ಆಗಿದ್ದಕ್ಕೇ ಅದು ಸಾಧ್ಯ ಆಯ್ತು, ಸುತ್ತ ನೀರು, ಎಲ್ಲರಿಗೂ ಒಟ್ಟಿಗೆ ಕೊಡಬಹುದು. ಮಾಲ್ಡೀವ್ಸ್ ತಗೊಳ್ಳಿ, ಥಲಸ್ಸೀಮಿಯಾ ಅನ್ನೋ ವಂಶವಾಹಿ ರಕ್ತದ ಕಾಯಿಲೆಯ ಕ್ಯಾರಿಯರ್‌ಗಳು ಪ್ರಪಂಚದಲ್ಲೇ ತುಂಬಾ ಜಾಸ್ತಿ ಇರೋ ಕಡೆ ಅದು, 1990ರ ದಶಕದಿಂದ ಸ್ಕ್ರೀನಿಂಗ್ ಮಾಡ್ಕೊಂಡು ಬಂದಿದ್ದಾರೆ. 2015ರಲ್ಲಿ ಮಲೇರಿಯಾ ಮುಕ್ತ ಅಂತ ಸರ್ಟಿಫಿಕೇಟ್, 2016ರಲ್ಲಿ ಆನೆಕಾಲು ರೋಗವೂ ತೊಲಗಿತು.

ಚಿಕ್ಕದರಲ್ಲಿ ಕಷ್ಟ ಇಲ್ಲ ಅಂತಲ್ಲ. 600 ಜನರಲ್ಲಿ ವರ್ಷಕ್ಕೆ ಒಂದೇ ಕೇಸ್ ಆದ್ರೂ ಲಕ್ಷಕ್ಕೆ 167 ಅಂತ ಬರತ್ತೆ, ಮುಂದಿನ ವರ್ಷ ಸೊನ್ನೆ, ಇದನ್ನ ಗ್ರಾಫ್ ಹಾಕಿ ಏರಿತು ಇಳೀತು ಅಂತ ಬರೀಬೇಡಿ, ನಾಲ್ಕೈದು ವರ್ಷ ಸೇರಿಸಿ, ಅಕ್ಕಪಕ್ಕದ ದ್ವೀಪ ಸೇರಿಸಿ ನೋಡಿ.

ಆದ್ರೆ ಎರಡೇ ವರ್ಷಕ್ಕೆ ಹೋಗಿ, ಡೇಟಾ ಬ್ಯಾಗಲ್ಲಿ ಹಾಕ್ಕೊಂಡು ಬಂದು, ಇಲ್ಲಿ ಪಿಎಚ್‌ಡಿ ಮಾಡೋ ಪ್ಲಾನ್ ಇದ್ರೆ, ದಯವಿಟ್ಟು ರಿಸರ್ಚ್ ಮಾಡ್ಲೇಬೇಡಿ. ಡಾಕ್ಟರ್ ಆಗೋ ನರ್ಸ್ ಆಗೋ ಏನಾಗಿದ್ದೀರೋ ಆ ಕೆಲಸ ಚೆನ್ನಾಗಿ ಮಾಡಿ, ದುಡ್ಡು ಮಾಡ್ಕೊಳ್ಳಿ, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಮಾಡೋದೇ ಆದ್ರೆ ಮೊದಲನೇ ವರ್ಷ ಬರೀ ರಿಜಿಸ್ಟರ್ ಸರಿಯಾಗಿ ಬರೀರಿ, ದಿವೇಹಿ ಕಲೀರಿ, ಡೇಟಾ ಅಲ್ಲಿನವರ ಹತ್ರನೇ ಇರ್ಲಿ, ಪೇಪರ್‌ನಲ್ಲಿ ಅವರ ಹೆಸರೂ ಇರ್ಲಿ.

ನಾನು 2018ರವರೆಗೂ ಅಲ್ಲೇ ಇದ್ದೆ. ಆ ಟೀಚರ್ ಮನೆಗೆ ಹೋಗಿ ಕ್ಷಮೆ ಕೇಳಿದೆ, ಅವರು ಟೀ ಕೊಟ್ಟರು, ಮಾತಾಡ್ಲಿಲ್ಲ. ಹುಡುಗಿಯ ಅಕ್ಕ ಹನ್ನೊಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಓಪಿಡಿ ಖಾಲಿ ಇರೋ ಹೊತ್ತು ನೋಡ್ಕೊಂಡು ಬಂದು, ಎದುರಿಗೆ ಕೂತು, ನಿದ್ದೆ ಬರ್ತಿಲ್ಲ ಅಂದ್ರು. ನಾನು ಪೆನ್ ಕೆಳಗಿಟ್ಟೆ. ಅವತ್ತು ಅವರು ಏನೇನು ಹೇಳಿದ್ರು ಅನ್ನೋದು ಯಾವ ಟೇಬಲ್‌ನಲ್ಲೂ ಇಲ್ಲ.