ಜಾವಾದವರೆಲ್ಲ ಜಾವನೀಸರಲ್ಲ

ಜಾವಾ ದ್ವೀಪದವರೆಲ್ಲ ಜಾವನೀಸರಾ, ಎಲ್ಲರೂ ಮುಸ್ಲಿಮರಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. 2020ರ ಜನಗಣತಿಯಲ್ಲೇ ಅಲ್ಲಿ 15 ಕೋಟಿಗಿಂತ ಜಾಸ್ತಿ ಜನ ಇದ್ದರು, ಅಂದರೆ ಇಂಡೋನೇಷ್ಯಾದ ಅರ್ಧಕ್ಕಿಂತ ಹೆಚ್ಚು. ಜಾವನೀಸರು ಮಧ್ಯ ಮತ್ತು ಪೂರ್ವ ಭಾಗದವರು, ಪಶ್ಚಿಮದಲ್ಲಿ ಸುಂಡಾ ಜನ, ಅವರ ಭಾಷೆಯೇ ಬೇರೆ, ಜಕಾರ್ತಾದಲ್ಲಿ ಬೆತಾವಿಗಳು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮುಸ್ಲಿಮರು ನಿಜ, ಆದರೆ ಬ್ರೋಮೋ ಜ್ವಾಲಾಮುಖಿಯ ಸುತ್ತಮುತ್ತ ತೆಂಗ್ಗೆರ್ ಹಿಂದೂಗಳು ಈಗಲೂ ಇದ್ದಾರೆ.

ಅಲ್ಲಿ ಇಸ್ಲಾಂ ಹೇಗೆ ಬೇರೂರಿತು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಕುದುಸ್ ಊರು. 16ನೇ ಶತಮಾನದ ಮಸೀದಿ, ಅದರ ಮಿನಾರು ನೋಡಿದರೆ ಕೆಂಪು ಇಟ್ಟಿಗೆಯ ಹಿಂದೂ ಗುಡಿ ಥರಾನೇ ಇದೆ. ಹಿಂದೂಗಳ ಮನಸ್ಸು ನೋಯಬಾರದು ಅಂತ ಹಸು ಕಡಿಯಬೇಡಿ ಎಂದು ಅಲ್ಲಿ ಇಸ್ಲಾಂ ಹರಡಿದ ಸಂತ ಸುನಾನ್ ಕುದುಸ್ ಹೇಳಿದ್ದರಂತೆ. ಹಾಗಾಗಿ ಸೋತೋ ಅನ್ನೋ ಅಲ್ಲಿನ ಸಾರಿನಲ್ಲಿ ಎಮ್ಮೆ ಮಾಂಸ ಹಾಕೋದು ವಾಡಿಕೆ.