ಗಂಡನ ಸಿಟ್ಟು, ತಲೆಸುತ್ತು ಮತ್ತು ಪ್ರೆಸ್ಸಿನ ಥಿನ್ನರ್

ಪ್ರಶ್ನೆ: ನಾವು ಗದಗಿನವರು. ನನ್ನ ಗಂಡ ಹಲವು ವರ್ಷಗಳಿಂದ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮಷೀನ್ ನಡೆಸುತ್ತಾರೆ. ಲಗ್ನಪತ್ರಿಕೆ ಸೀಸನ್ನಿನಲ್ಲಿ ಮನೆಗೆ ಬರುವುದೇ ತಡರಾತ್ರಿ. ಬಂದಾಗ ತಲೆನೋವು, ತೂರಾಡುವ ನಡಿಗೆ, ಸಣ್ಣದಕ್ಕೂ ಸಿಟ್ಟು. ಹೇಳಿದ್ದು ಮರೆಯುತ್ತಾರೆ. ಸೂಟಿ ದಿನ ಮಾತ್ರ ಮೊದಲಿನ ಹಾಗೆ ಇರುತ್ತಾರೆ. ಕುಡಿತ ಕಲಿತಿದ್ದಾನೆ ಅಂತ ನನ್ನ ತವರಿನವರು ಹೇಳುತ್ತಾರೆ. ಇವರು ಮಕ್ಕಳ ಮೇಲೆ ಆಣೆ ಮಾಡಿ ಇಲ್ಲ ಅನ್ನುತ್ತಾರೆ. ಮನೆ ಕಟ್ಟುವಾಗ ಸಾಲ ಕೊಟ್ಟ ಮಾಲೀಕರ ಹತ್ತಿರ ಏನೂ ಕೇಳಬಾರದಂತೆ. ಏನು ಮಾಡಲಿ?

ಉತ್ತರ: ಸೋದರಿ, ಅವರ ಆಣೆಯನ್ನು ನಂಬಿ. ಸೂಟಿ ದಿನ ಚೆನ್ನಾಗಿರುತ್ತಾರೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಮಷೀನಿನ ರೋಲರ್, ಬ್ಲಾಂಕೆಟ್ (ಅಚ್ಚನ್ನು ಕಾಗದಕ್ಕೆ ಒತ್ತುವ ರಬ್ಬರ್ ಹಾಳೆ) ತೊಳೆಯುವ ಥಿನ್ನರ್‌ನಲ್ಲಿ ಟೊಲ್ಯುಯೀನ್, ಕ್ಸೈಲೀನ್‌ನಂಥ ಕೆಮಿಕಲ್ ಇರುವುದುಂಟು. ಅವುಗಳ ಆವಿ ಉಸಿರಿನಿಂದ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಕುಡಿದವರಿಗೆ ಬರುವಂಥದ್ದೇ ಅಮಲು ಬರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ನೆನಪು ಕುಂದಬಹುದು, ಸ್ವಭಾವವೂ ಬದಲಾಗಬಹುದು. ಹೆಕ್ಸೇನ್ ಅನ್ನುವ ಕೆಮಿಕಲ್ ಇದ್ದರೆ ನರಕ್ಕೆ ಪೆಟ್ಟು ಬಿದ್ದು ಕೈಕಾಲು ಜೋಮು ಹಿಡಿಯಬಹುದು. ದಿನವಿಡೀ ಅಲ್ಲೇ ಇರುವವರ ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಹಾಗಾಗಿ ಅವರಿಗೆ ಗೊತ್ತೇ ಆಗುವುದಿಲ್ಲ.

ಆದರೂ ಡಾಕ್ಟರ್ ನೋಡಲೇಬೇಕು. ಬಿಪಿ, ಶುಗರ್ ಕೂಡ ಪರೀಕ್ಷೆ ಆಗಲಿ. ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ ಹೋಗಿ. ಏನು ಕೆಲಸ ಅಂತ ಮೊದಲೇ ಹೇಳಿ, ಥಿನ್ನರ್ ಡಬ್ಬಿಯ ಲೇಬಲ್ ಫೋಟೋ ತೋರಿಸಿ. ಲೇಬಲ್ ಇಲ್ಲದ ಡಬ್ಬಿಯಾದರೆ ಅದರಲ್ಲಿ ಏನಿದೆ ಅಂತ ಮಾಲೀಕರು ಅಂಗಡಿಯವರನ್ನು ಕೇಳಲಿ. ಜಪಾನಿನ ಒಸಾಕಾದ ಒಂದು ಪ್ರೆಸ್ಸಿನಲ್ಲಿ, ಗಾಳಿಯಾಡದ ಕೋಣೆಯಲ್ಲಿ ಬ್ಲಾಂಕೆಟ್ ತೊಳೆಯುತ್ತಿದ್ದ ಚಿಕ್ಕ ವಯಸ್ಸಿನವರಿಗೆ ಪಿತ್ತನಾಳದ ಕ್ಯಾನ್ಸರ್ ಬಂದಿದ್ದು 2012ರಲ್ಲಿ ಬಯಲಾಯಿತು. ಅದಕ್ಕೆ ಕಾರಣವಾದ ಕೆಮಿಕಲ್ ನಿಮ್ಮವರ ಡಬ್ಬಿಯಲ್ಲೂ ಇದೆ ಅಂತ ಹೇಳುತ್ತಿಲ್ಲ. ಡಬ್ಬಿಯಲ್ಲಿ ಏನಿದೆ ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ ಅಂತ ಹೇಳುತ್ತಿದ್ದೇನೆ.

ಇನ್ನು ಮಾಲೀಕರ ಋಣ. ಸಾಲಕ್ಕೆ ಕಂತು ಕಟ್ಟಿದರೆ ಸಾಕು, ಅದರ ಮೇಲೆ ಆರೋಗ್ಯವನ್ನೂ ಕೊಡಬೇಕಿಲ್ಲ. ಕಷ್ಟಕ್ಕೆ ಆದ ಮನುಷ್ಯ ಇದನ್ನೂ ಕೇಳಿಸಿಕೊಂಡಾರು, ಅಲ್ವಾ? ಅದೇ ಗಾಳಿಯನ್ನು ಅವರೂ ಉಸಿರಾಡುತ್ತಾರೆ. ಕೇಳುವುದೂ ದೊಡ್ಡದೇನಲ್ಲ. ಈ ಆವಿ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಎಕ್ಸಾಸ್ಟ್ ಫ್ಯಾನ್ ಚಾವಣಿ ಹತ್ತಿರ ಸುಮ್ನೆ ತಿರುಗಿದರೆ ಸಾಲದು, ಮಷೀನಿನ ಪಕ್ಕ ತಗ್ಗಿನಲ್ಲಿ ಇರಬೇಕು. ಥಿನ್ನರ್ ಡಬ್ಬಿಗೂ ಒರೆಸಿದ ಬಟ್ಟೆ ಹಾಕುವ ಬುಟ್ಟಿಗೂ ಮುಚ್ಚಳ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಕಾರ್ಬನ್ ಫಿಲ್ಟರ್ ಇರುವುದೇ ಆಗಬೇಕು. ಥಿನ್ನರ್, ಪೆಟ್ರೋಲ್ ಹಾಕಿ ಕೈ ತೊಳೆಯುವ ರೂಢಿ ಇದ್ದರೆ ಇವತ್ತೇ ಬಿಡಿಸಿ, ಅದು ಚರ್ಮದಿಂದಲೂ ಒಳಗೆ ಇಳಿಯುತ್ತದೆ.

ಪ್ರೆಸ್ಸಿನಲ್ಲಿ 10 ಜನರಿಗಿಂತ ಕಡಿಮೆ ಇಲ್ಲದಿದ್ದು, ಪಗಾರ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಬಗ್ಗೆಯೂ ವಿಚಾರಿಸಿ.

ತವರಿನವರಿಗೆ ಇದನ್ನೆಲ್ಲ ನೀವೇ ಹೇಳಿ. ನಿಮ್ಮ ಗಂಡ ಹೇಳಿದರೆ ನೆಪ ಅಂದುಕೊಳ್ಳುತ್ತಾರೆ.