ಗಾಳಿ ಕುಲುಕಿದಾಗ ಕೈ ಸುಮ್ಮನಿರಲಿ

ಪ್ರಶ್ನೆ: ಎರಡು ಬ್ಲೇಡ್‌ಗಳ ಸಣ್ಣ ಹೆಲಿಕಾಪ್ಟರ್‌ನಲ್ಲಿ ನನಗೆ 120 ಗಂಟೆಗಳ ಅನುಭವವಿದೆ. ಗಾಳಿ ಜೋರಾಗಿ ಕುಲುಕಿದರೆ ವೇಗ ಹೆಚ್ಚಿಸಿ ಆ ಜಾಗವನ್ನು ಬೇಗ ದಾಟಿಬಿಡುವುದು ಸರಿಯೇ?

ತಪ್ಪು. ತಿಂಗಳಿಗೊಬ್ಬರಾದರೂ ಇದನ್ನೇ ಕೇಳುತ್ತಾರೆ. ‘ಹಳೆಯ ಪೈಲಟ್ ಒಬ್ಬರು ಹೇಳಿಕೊಟ್ಟರು’ ಎಂಬ ಸಮಜಾಯಿಷಿಯೂ ಜೊತೆಗಿರುತ್ತದೆ. ಆ ಹಳಬರು ಇನ್ನೂ ಬದುಕಿದ್ದರೆ ಅದು ಅವರ ಅದೃಷ್ಟ, ಜಾಣತನವಲ್ಲ.

ನಿಮ್ಮದು ರಾಬಿನ್ಸನ್ ಆರ್22 ಅಥವಾ ಆರ್44 ಆಗಿದ್ದರೆ ಕೈಪಿಡಿಯ ಮಿತಿಗಳ ಅಧ್ಯಾಯವನ್ನು ಮೊದಲು ತೆರೆಯಿರಿ. ಹೆಲಿಕಾಪ್ಟರ್‌ಗಳಲ್ಲಿ 200 ಗಂಟೆ, ಆ ಮಾದರಿಯಲ್ಲಿ 50 ಗಂಟೆ ಹಾಗೂ ನಿಗದಿತ ತರಬೇತಿ ಮುಗಿಸದವರಿಗೆ 1995ರಲ್ಲೇ ಅಮೆರಿಕದ ವಿಮಾನಯಾನ ಆಡಳಿತ ಗೆರೆ ಎಳೆದಿದೆ. ನೆಲಮಟ್ಟದ ಗಾಳಿ ಬೀಸುಗಳೂ ಸೇರಿ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ಮೀರಿದರೆ, ಅಥವಾ ಬೀಸಿನ ಏರಿಳಿತ 15 ನಾಟ್ ದಾಟಿದರೆ ಹಾರುವಂತಿಲ್ಲ. ನಿಮ್ಮ 120 ಗಂಟೆಗೆ ಉತ್ತರ ಅಲ್ಲಿಯೇ ಇದೆ.

ಇನ್ನು ಕಾರಣಕ್ಕೆ ಬರೋಣ. ಈ ಯಂತ್ರಗಳ ರೋಟರ್‌ನ ಎರಡು ಬ್ಲೇಡ್‌ಗಳು ತಕ್ಕಡಿಯ ದಂಡಿಗೆಯಂತೆ ಮಾಸ್ಟ್‌ನ, ಅಂದರೆ ಅವನ್ನು ತಿರುಗಿಸುವ ಕಂಬದ, ತುದಿಯಲ್ಲಿ ವಾಲಾಡುತ್ತವೆ. ಕ್ಯಾಬಿನ್ ಅದರ ಕೆಳಗೆ ಹಗ್ಗಕ್ಕೆ ಕಟ್ಟಿದ ಕೊಡದಂತೆ ತೂಗುತ್ತದೆ. ಹಗ್ಗ ಬಿಗಿಯಾಗಿರುವಷ್ಟು ಹೊತ್ತು, ರೋಟರ್ ವಾಲಿದ ಕಡೆಗೆ ಕೊಡವೂ ಬರುತ್ತದೆ. ಮೇಲೇಳುವ ಗಾಳಿ ನಿಮ್ಮನ್ನು ಎತ್ತಿತು, ನೀವು ಎತ್ತರ ಸರಿಪಡಿಸಲೆಂದು ಸೈಕ್ಲಿಕ್ ಅನ್ನು (ರೋಟರ್ ವಾಲಿಸುವ ಹಿಡಿಕೆಯನ್ನು) ಮುಂದಕ್ಕೆ ತಳ್ಳಿದಿರಿ ಎಂದುಕೊಳ್ಳಿ. ಮೈ ಸೀಟಿನಿಂದ ಹಗುರಾಗುತ್ತದೆ. ಹಗ್ಗ ಸಡಿಲ. ಬಾಲದ ರೋಟರ್ ಮಾತ್ರ ತನ್ನ ತಳ್ಳಾಟ ನಿಲ್ಲಿಸುವುದಿಲ್ಲ. ಅದು ಭಾರಕೇಂದ್ರಕ್ಕಿಂತ ಮೇಲಿರುವುದರಿಂದ ಯಂತ್ರ ಬಲಕ್ಕೆ ಉರುಳತೊಡಗುತ್ತದೆ. ಕೈ ತಾನಾಗಿ ಸೈಕ್ಲಿಕ್ ಅನ್ನು ಎಡಕ್ಕೆಳೆಯುತ್ತದೆ. ರೋಟರ್ ಎಡಕ್ಕೆ ವಾಲುತ್ತದೆ, ಕ್ಯಾಬಿನ್ ಕೇಳುವುದಿಲ್ಲ, ಬ್ಲೇಡ್‌ಗಳು ಕೂಡುವ ರೋಟರ್‌ನ ಹಬ್ ಮಾಸ್ಟ್‌ಗೆ ಬಡಿಯುತ್ತದೆ. ಮಾಸ್ಟ್ ಮುರಿಯಬಹುದು, ಬ್ಲೇಡ್ ಬಾಲವನ್ನೋ ಕ್ಯಾಬಿನ್ನನ್ನೋ ಕತ್ತರಿಸಬಹುದು. ಇದಕ್ಕೆ ಮಾಸ್ಟ್ ಬಂಪಿಂಗ್ ಎನ್ನುತ್ತಾರೆ. ವೇಗ ಮತ್ತು ಶಕ್ತಿ ಹೆಚ್ಚಿದ್ದಷ್ಟೂ ಆ ಉರುಳು ಚುರುಕು.

ಹಾಗಾಗಿ ಶಕ್ತಿ ತಗ್ಗಿಸಿ, ವೇಗವನ್ನು 60–70 ನಾಟ್‌ಗೆ ಇಳಿಸಿ. ಬೆಲ್ಟ್ ಬಿಗಿ ಮಾಡಿ. ಬಲ ಮುಂಗೈಯನ್ನು ತೊಡೆಯ ಮೇಲೆ ಊರಿ, ಸೈಕ್ಲಿಕ್ ಅನ್ನು ಬೆರಳುಗಳಲ್ಲಷ್ಟೇ ಹಿಡಿಯಿರಿ. ನನ್ನ ಶಿಷ್ಯನೊಬ್ಬ ಉಗುರು ಬೆಳ್ಳಗಾಗುವಂತೆ ಹಿಡಿದಿದ್ದ. ಅವನ ಮೊಣಕೈ ಗಾಳಿಯಲ್ಲಿ ತೂಗುತ್ತಿತ್ತು, ಪ್ರತಿ ಕುಲುಕೂ ಅವನ ಕೈಯ ಮೂಲಕವೇ ರೋಟರ್‌ಗೆ ಹೋಗುತ್ತಿತ್ತು. ಅರ್ಧ ಕುಲುಕಾಟ ಗಾಳಿಯದು, ಉಳಿದರ್ಧ ಅವನದೇ. ಎತ್ತರ, ದಿಕ್ಕು, ವೇಗ ಸ್ವಲ್ಪ ಅತ್ತಿತ್ತ ಆಗುತ್ತವೆ, ಆಗಲಿ. ಮೈ ಹಗುರಾಯಿತೆನಿಸಿದರೆ ಮೊದಲು ಸೈಕ್ಲಿಕ್ ಅನ್ನು ಮೆಲ್ಲನೆ ಹಿಂದಕ್ಕೆ ತಂದು ರೋಟರ್‌ಗೆ ಭಾರ ಮರಳಿಸಿ, ಆಮೇಲೆ ಉರುಳನ್ನು ಸರಿಮಾಡಿ. ಈ ಕ್ರಮ ತಿರುಗುಮುರುಗಾಗಬಾರದು.

ಪ್ರಶ್ನೆ: ಹಗುರಾಗುವ ಆ ಅನುಭವವನ್ನು ಬೋಧಕರು ಒಮ್ಮೆ ತೋರಿಸಿದರೆ ಒಳ್ಳೆಯದಲ್ಲವೇ?

ಅದು ಕೈಪಿಡಿಯಲ್ಲೇ ನಿಷಿದ್ಧ. ತೋರಿಸುತ್ತೇನೆನ್ನುವ ಬೋಧಕನನ್ನು ಅಂದೇ ಬಿಡಿ.

ಪ್ರಶ್ನೆ: ಕುಲುಕಾಟ ಶುರುವಾದರೆ ಗಾಳಿಯಲ್ಲೇ ನಿಂತುಬಿಡಬಹುದಲ್ಲ?

ಗುಡ್ಡದ ಮರೆಯಲ್ಲಿ, ಹೆಚ್ಚು ಶಕ್ತಿ ಬೇಡುವ ಸ್ಥಿತಿಯಲ್ಲಿ, ಕೆಳಕ್ಕೆಳೆಯುವ ಗಾಳಿಯ ನಡುವೆ ನಿಲ್ಲುವಿರಾ? ಬೇಡ. ಗುಡ್ಡದ ಗಾಳಿಮರೆಯ ಬದಿಗೆ ಹೋಗುವುದೇ ಬೇಡ.

ಪ್ರಶ್ನೆ: ಒಬ್ಬನೇ ಹಾರಿದರೆ ಹೊರೆ ಕಡಿಮೆ, ಅಪಾಯವೂ ಕಡಿಮೆ ತಾನೇ?

ಉಲ್ಟಾ. ಯಂತ್ರ ಹಗುರವಾದಷ್ಟೂ ಗಾಳಿ ಅದನ್ನು ಹೆಚ್ಚು ಕುಣಿಸುತ್ತದೆ. ಒಬ್ಬರೇ ಇದ್ದ ದಿನ ಇನ್ನೂ ನಿಧಾನವಾಗಿ ಹಾರಿ.